‘ಬರ್ತೀನ್ರಿ’ ಅಂದವರು ಎಲ್ಲಿ ಹೋದರು?

ಕಳೆದ ವಾರ ನಾನು ಒಂದು ಕನ್ನಡ ಶಬ್ದವನ್ನು ಅಕ್ಷರಶಃ ಸರಿಯಾಗಿ ಅನುವಾದ ಮಾಡಿದೆ. ಅದರಿಂದ ಒಂದು ಫ್ಯಾಕ್ಟರಿ ಕೈತಪ್ಪುವುದರಲ್ಲಿತ್ತು.

ನಂಬಿಕೆ ಬರುತ್ತಿಲ್ಲವೆ? ಪೂರ್ತಿ ಕೇಳಿ.

ಶುಕ್ರವಾರ ಬೆಳಗ್ಗೆ. ಒಗ್ಗರಣೆಗೆ ಸಾಸಿವೆ ಹಾಕಿದ್ದೆ, ಫೋನ್ ಬಂತು. ವಿಮಾನ ನಗರದ ಹೋಟೆಲಿನಿಂದ, ಜಪಾನಿನ ಇಶಿದಾ ಅವರ ತಂಡದ ಕಿರಿಯ ಎಂಜಿನಿಯರು. ದನಿಯಲ್ಲಿ ವಿನಯ ತುಂಬಿ ತುಳುಕುತ್ತಿತ್ತು. “ಕ್ಷಮಿಸಿ, ಮಲ್ಲಣ್ಣ ಅವರು ಇನ್ನೂ ಬಂದಿಲ್ಲ. ನಾವೆಲ್ಲ ಲಾಬಿಯಲ್ಲಿ ಕಾಯುತ್ತಿದ್ದೇವೆ. ದಾರಿಯಲ್ಲಿ ಅವರಿಗೆ ಏನಾದರೂ ತೊಂದರೆ ಆಯಿತೆ?”

ಮಲ್ಲಣ್ಣ ಅಲ್ಲಿಗೆ ಹೋಗುವುದಿತ್ತೆ? ನನಗೇ ಗೊತ್ತಿರಲಿಲ್ಲ. ಸಾಸಿವೆ ಸೀದುಹೋಯಿತು.

ಯಾರು ಈ ಮಲ್ಲಣ್ಣ, ಯಾರು ಈ ಇಶಿದಾ, ಇವರಿಬ್ಬರ ನಡುವೆ ನಾನ್ಯಾಕೆ? ಹಳೆಯ ಓದುಗರಿಗೆ ನನ್ನ ಹೊಟ್ಟೆಪಾಡು ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ನಾನು ವಿಜಯಪುರದವಳು, ಮದುವೆಯಾಗಿ ಪುಣೆಗೆ ಬಂದವಳು. ಈ ಊರಿನಲ್ಲಿ ಓಣಿಗೊಬ್ಬರು ಜರ್ಮನ್ನೋ ಜಪಾನಿಯೋ ಕಲಿಯುತ್ತಿರುತ್ತಾರೆ. ನಾನೂ ಸಂಜೆ ಕ್ಲಾಸಿಗೆ ಹೋಗಿ ಜಪಾನಿ ಕಲಿತೆ. (“ಮದಲ ಮರಾಠಿ ನೆಟ್ಟಗ ಕಲಿ” ಅಂದಿದ್ದರು ನಮ್ಮತ್ತೆ.) ಈಗ ಕಾರ್ಖಾನೆಗಳಲ್ಲಿ ದುಭಾಷಿ ಕೆಲಸ. ಜಪಾನಿನವರ ಮಾತನ್ನು ನಮ್ಮವರಿಗೆ, ನಮ್ಮವರ ಮಾತನ್ನು ಅವರಿಗೆ ದಾಟಿಸುವುದು. ಅಷ್ಟೇ ಮಾಡಬೇಕು, ನಡುವೆ ನಮ್ಮದೊಂದು ಮಾತು ಸೇರಿಸಬಾರದು ಎಂಬುದು ಈ ಕಸುಬಿನ ನಿಯಮ. ನನ್ನಂಥ ಬಾಯಿಬಡುಕಿಗೆ ಇದೆಷ್ಟು ಕಷ್ಟ ಅಂತ ನೀವೇ ಊಹಿಸಿ.

ಮಲ್ಲಣ್ಣ ಕಲಬುರಗಿ ಕಡೆಯವರು. ಶಿರೂರು ರಸ್ತೆಯಲ್ಲಿ ಅವರದೊಂದು ಪ್ಲಾಸ್ಟಿಕ್ ಬಿಡಿಭಾಗಗಳ ಫ್ಯಾಕ್ಟರಿ. ಇಷ್ಟು ವರ್ಷ ಪೆಟ್ರೋಲ್ ಸ್ಕೂಟರುಗಳಿಗೆ ಬೇಕಾದ ಸಣ್ಣಪುಟ್ಟ ಭಾಗಗಳನ್ನು ಮಾಡಿಕೊಂಡು ಚೆನ್ನಾಗಿಯೇ ಇದ್ದರು. ಎಲೆಕ್ಟ್ರಿಕ್ ಸ್ಕೂಟರುಗಳು ಬಂದವು, ಆರ್ಡರು ಇಳಿಯಿತು. ಈಗ ಅರ್ಧ ಮಷಿನುಗಳು ಹೊದಿಕೆ ಹೊದ್ದು ಮಲಗಿವೆ. ಕೆಲಸಕ್ಕೆ ಬರುವವರು ಹೆಚ್ಚಿನಂಶ ಯಾದಗಿರಿ, ಕಲಬುರಗಿ ಕಡೆಯ ಹೆಣ್ಣುಮಕ್ಕಳು. ಇವರ ತಾಯಂದಿರು ಇದೇ ಪುಣೆಯ ಮಾಲುಗಳಿಗೆ, ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತವರು. ಮಕ್ಕಳು ಮೊದಲ ಬಾರಿ ನೆರಳಲ್ಲಿ ನಿಂತು ಪಗಾರ ಎಣಿಸುತ್ತಿದ್ದಾರೆ. ಫ್ಯಾಕ್ಟರಿ ಮುಚ್ಚಿದರೆ ಇವರೂ ಇಟ್ಟಿಗೆ ಹೊರುವ ಸೈಟಿಗೆ.

ಇಶಿದಾ ಅವರ ಕಂಪನಿ ಬಿಪಿ ನೋಡುವ ಯಂತ್ರದ ಭಾಗಗಳನ್ನು ಮಾಡುತ್ತದೆ. ಮಲ್ಲಣ್ಣನ ಜಾಗದಲ್ಲಿ ಹೊಸ ಕಟ್ಟಡ ಎಬ್ಬಿಸಿ, ಹಣ ಹಾಕಿ, ಪಾಲುದಾರರಾಗಬೇಕು ಎಂಬುದು ಅವರ ಯೋಚನೆ. ಪೇಪರಿನಲ್ಲಿ ನೀವು ಓದುವ ‘ವಿದೇಶಿ ನೇರ ಬಂಡವಾಳ ಹೂಡಿಕೆ’ ಅಂದರೆ ಇದೇ. ಇಲ್ಲಿ ಸರಿಬರದಿದ್ದರೆ ಅವರಿಗೆ ಬೇರೆ ದೇಶಗಳಿವೆ. ಮಲ್ಲಣ್ಣನಿಗೆ ಬೇರೆ ಜಪಾನ್ ಇಲ್ಲ.

ಗುರುವಾರ ಇಶಿದಾ ತಮ್ಮ ಇಬ್ಬರು ಹುಡುಗರ ಜೊತೆ ಫ್ಯಾಕ್ಟರಿ ನೋಡಲು ಬಂದರು. ನೆಲ ಕನ್ನಡಿ ಹಾಗಿತ್ತು. ಇಶಿದಾ ಅವರಿಗೆ ಅರವತ್ತರ ಹತ್ತಿರ ವಯಸ್ಸು, ಮಾತು ಕಡಿಮೆ, ಪ್ರತಿ ಮಷಿನಿನ ಮುಂದೆ ನಿಂತು ಮೂಸಿ ನೋಡುವ ಜಾತಿ. ಎಲ್ಲ ಚೆನ್ನಾಗಿಯೇ ನಡೆಯಿತು. ಕೊನೆಗೆ ಮಷಿನುಗಳ ಸಾಲು, ಅಂದರೆ ಲೈನ್, ನೋಡಿಕೊಳ್ಳುವ ರೇಣುಕಾ ಎಂಬ ಹುಡುಗಿಯ ಹತ್ತಿರ ನಿಂತು ಒಂದು ಪ್ರಶ್ನೆ ಕೇಳಿದರು.

“ಹೊಸ ವರ್ಷಕ್ಕೆ ಜಪಾನಿನಲ್ಲಿ ನಮ್ಮ ಕಾರ್ಖಾನೆಗೆ ರಜೆ. ಆಗ ಇಲ್ಲಿಯ ಲೈನು ಒಂದು ದಿನವೂ ನಿಲ್ಲಬಾರದು. ಡಿಸೆಂಬರ್ ಕೊನೆ, ಜನವರಿ ಮೊದಲು ನೀವೆಲ್ಲ ಇಲ್ಲೇ ಇರುತ್ತೀರಲ್ಲ?”

ನಾನು ಕನ್ನಡದಲ್ಲಿ ಹೇಳಿದೆ. ರೇಣುಕಾ ಬಾಯಿ ತೆರೆಯಲಿಲ್ಲ, ಮಲ್ಲಣ್ಣನ ಮುಖ ನೋಡಿದಳು. ಮಲ್ಲಣ್ಣ ಹೇಳಿದರು, “ಆಗ್ತದ್ರಿ. ಆ... ಗ್ತದ್ರಿ.”

ಉತ್ತರ ಕರ್ನಾಟಕದ ಓದುಗರೇ, ನೀವು ಈಗಾಗಲೇ ನಗುತ್ತಿದ್ದೀರಿ. ನಮ್ಮಲ್ಲಿ ‘ಆಗ್ತದ್ರಿ’ ಎರಡು ಥರ. ಒಂದು ಚುಟುಕು, ಅಂದರೆ ಆಗುತ್ತದೆ. ಇನ್ನೊಂದು ‘ಆ’ ಅನ್ನು ರಬ್ಬರಿನಂತೆ ಎಳೆದದ್ದು, ಅಂದರೆ ದೇವರಾಣೆಗೂ ಆಗುವುದಿಲ್ಲ, ಆದರೆ ನಿಮ್ಮ ಮುಖಕ್ಕೆ ಹೇಗೆ ಹೇಳಲಿ? ಜಪಾನಿ ಭಾಷೆಯಲ್ಲಿ ಈ ಎಳೆತಕ್ಕೆ ಶಬ್ದ ಇಲ್ಲ. ನಾನು ‘ಆಗುತ್ತದೆ’ ಅಂತಲೇ ಹೇಳಿದೆ. ನಿಯಮ ನೋಡಿ, ಎಳೆತವನ್ನು ಅನುವಾದ ಮಾಡು ಅಂತ ಯಾರೂ ಕಲಿಸಿಲ್ಲ.

ಯಾಕೆ ಆಗುವುದಿಲ್ಲ? ಎಳ್ಳು ಅಮಾವಾಸ್ಯೆ. ಒಮ್ಮೆ ಡಿಸೆಂಬರಿನಲ್ಲಿ ಬೀಳುತ್ತದೆ, ಒಮ್ಮೆ ಜನವರಿಯಲ್ಲಿ. ಆಗ ಕಲಬುರಗಿ, ಯಾದಗಿರಿ, ನಮ್ಮ ವಿಜಯಪುರದ ಕಡೆ ಮನೆಯಲ್ಲಿ ಒಬ್ಬರೂ ಇರುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ. ಬೆಳೆಗೆ ಚರಗ, ಅಂದರೆ ಆ ಅಡುಗೆಯ ನೈವೇದ್ಯ, ಚೆಲ್ಲಿ, ಅಲ್ಲೇ ಕೂತು ಉಂಡು, ಸಂಜೆ ಮನೆಗೆ. ಪುಣೆಯಲ್ಲಿರುವ ನಮ್ಮವರು ದೀಪಾವಳಿಗೆ ಹೋಗದೆ ಇರಬಹುದು, ಎಳ್ಳು ಅಮಾವಾಸ್ಯೆಗೆ ಹೋಗದೆ ಇರುವುದಿಲ್ಲ. ಹೋದವರು ಮರುದಿನವೇ ಬರುವುದೂ ಇಲ್ಲ. ಆದರೆ ಮಹಾರಾಷ್ಟ್ರದ ಯಾವ ಫ್ಯಾಕ್ಟರಿಯ ರಜಾಪಟ್ಟಿಯಲ್ಲೂ ಇದು ಕಾಣುವುದಿಲ್ಲ. ಆ ವಾರ ಪ್ರತಿಯೊಬ್ಬರಿಗೂ ಜ್ವರ ಬರುತ್ತದೆ, ಇಲ್ಲವೇ ದೂರದ ಕಾಕಾ ತೀರಿಕೊಳ್ಳುತ್ತಾನೆ. (ಪ್ರತಿ ವರ್ಷ ತೀರಿಕೊಳ್ಳುವ ಕಾಕಾಗಳೂ ಇದ್ದಾರೆ.)

ಸಂಜೆ ಮಲ್ಲಣ್ಣ ತಮ್ಮ ಕಾರಿನಲ್ಲೇ ಅವರನ್ನು ವಿಮಾನ ನಗರದ ಹೋಟೆಲಿಗೆ ಮುಟ್ಟಿಸಿದರು. ನಾನೂ ಜೊತೆಗಿದ್ದೆ. ಲಾಬಿಯಲ್ಲಿ ಚಹಾ ಆಯಿತು. ಇಶಿದಾ ಹೇಳಿದರು, “ನಾಳೆ ಮಧ್ಯಾಹ್ನ ನಮ್ಮ ವಿಮಾನ. ಅಲ್ಲಿಯವರೆಗೂ ಇಲ್ಲೇ ಇರುತ್ತೇವೆ. ಹೇಳುವುದೇನಾದರೂ ಉಳಿದಿದ್ದರೆ...”

ಮಲ್ಲಣ್ಣ ಎದ್ದು ಕೈ ಮುಗಿದರು. “ಭಾಳ ಛಲೋ ಆತ್ರಿ. ಹಂಗಾದ್ರ ಬರ್ತೀನ್ರಿ.”

ದಿನವಿಡೀ ಮೂರು ಭಾಷೆ ಜಗಿದು ನನ್ನ ದವಡೆ ಸೋತಿತ್ತು. ಯೋಚಿಸದೆ ಜಪಾನಿಯಲ್ಲಿ ಅಂದೆ, “ತುಂಬಾ ಒಳ್ಳೆಯದಾಯಿತು. ಹಾಗಾದರೆ ಬರುತ್ತೇನೆ.”

ಮೂವರೂ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಯಾಕಿಷ್ಟು ಬಾಗುತ್ತಿದ್ದಾರೆ ಅಂತ ಒಂದು ಕ್ಷಣ ಅನಿಸಿತು. ಮನೆಗೆ ಹೋಗುವ ಆತುರ, ಬಿಟ್ಟುಬಿಟ್ಟೆ.

ಇನ್ನು ಶುಕ್ರವಾರಕ್ಕೆ ಬನ್ನಿ. ಮಲ್ಲಣ್ಣನಿಗೆ ಫೋನ್ ಹಚ್ಚಿದೆ. ಹಿಂದೆ ಬಸ್ಸುಗಳ ಹಾರ್ನ್, ಕಂಡಕ್ಟರುಗಳ ಕೂಗು.

“ಎಲ್ಲಿದ್ದೀರಿ ಮಲ್ಲಣ್ಣಾರ?”

“ಸ್ವಾರಗೇಟನ್ಯಾಗ ಅದೀನ್ರಿ ಅಕ್ಕಾರ. ನಮ್ಮತ್ತಿಗೆ ಕಲಬುರ್ಗಿ ಬಸ್ ಹತ್ತಸ್ಲಾಕ ಬಂದೀನಿ. ಯಾಕ್ರಿ?”

“ಜಪಾನಿನವ್ರು ಹೋಟೆಲ್‌ನ್ಯಾಗ ನಿಮ್ಮ ದಾರಿ ಕಾಯ್ಲಾಕತ್ತಾರ. ನಿನ್ನೆ ಬರ್ತೀನಿ ಅಂದ್ರೆಲ್ಲ?”

ಆ ಕಡೆಯಿಂದ ಬಂತು ಉತ್ತರ. “ಅಕ್ಕಾರ, ಬರ್ತೀನಿ ಅಂದ್ರ ಹೋಗ್ತೀನಿ ಅಂತ ಅಲ್ಲೇನ್ರಿ?”

ಹೌದು. ಹೋಗುವಾಗ ‘ಹೋಗ್ತೀನಿ’ ಅನ್ನಬಾರದು, ಅಶುಭ, ‘ಬರ್ತೀನಿ’ ಅನ್ನಬೇಕು ಅಂತ ನನಗೂ ಅವ್ವ ಕಲಿಸಿದ್ದೇ. ಹುಟ್ಟಾ ಕನ್ನಡತಿಯಾಗಿ ನಾನೇ ಮರೆತರೆ ಇಶಿದಾಗೆ ಹೇಗೆ ಗೊತ್ತಾಗಬೇಕು? ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೆ ಹೋಟೆಲಿನಿಂದ ಮಾತಾಡಿದ ಆ ಎಂಜಿನಿಯರ್ ಹುಡುಗ ಫೋನಿಡುವ ಮುಂಚೆ ಇನ್ನೊಂದು ಮಾತು ಹೇಳಿದ್ದ. “ಡಿಸೆಂಬರಿನ ವಿಷಯ ಹೇಳಲು ಮಲ್ಲಣ್ಣ ಅವರು ಬರುತ್ತಾರೆ ಅಂತ ಇಶಿದಾ ಅವರು ಬೆಳಗ್ಗಿನಿಂದ ಕಾಯುತ್ತಿದ್ದಾರೆ.”

ಅಂದರೆ ಆ ಮನುಷ್ಯನಿಗೆ ಗೊತ್ತಾಗಿತ್ತು. ರೇಣುಕಾ ಬಾಯಿ ತೆರೆಯದೆ ನಿಂತದ್ದನ್ನು ಆತ ನನಗಿಂತ ಚೆನ್ನಾಗಿ ಓದಿಕೊಂಡಿದ್ದ. ಹೇಳುವುದು ಉಳಿದಿದ್ದರೆ ಬಂದು ಹೇಳಿ ಅಂತ ಬಾಗಿಲು ತೆಗೆದಿಟ್ಟಿದ್ದ. ನಮ್ಮವರು ಸ್ವಾರಗೇಟಿಗೆ ಹೋಗಿದ್ದರು.

ನೀವೇ ಹೇಳಿ. ಹೂಡಿಕೆದಾರರ ಸಮಾವೇಶ ಅಂತ ಊರೂರಲ್ಲಿ ನಡೆಯುತ್ತವಲ್ಲ, ಶಾಲು ಹೊದಿಸಿ ಫೋಟೋ ಹೊಡೆಸಿಕೊಂಡು ಒಡಂಬಡಿಕೆಗೆ ಸಹಿ ಹಾಕುತ್ತಾರಲ್ಲ, ಆ ಕಂಪನಿಗಳೆಲ್ಲ ಆಮೇಲೆ ಎಲ್ಲಿ ಹೋಗುತ್ತವೆ? ಎಷ್ಟೋ ಕಂಪನಿಗಳು ವೇದಿಕೆಯ ಮೇಲೆ ಅಂದದ್ದೂ ನಮ್ಮ ಈ ‘ಬರ್ತೀವಿ’ಯೇ ಇರಬೇಕು. ಜಾಗ ಕೊಡುತ್ತೇವೆ, ಕರೆಂಟು ಕೊಡುತ್ತೇವೆ, ತೆರಿಗೆ ಬಿಡುತ್ತೇವೆ ಅಂತ ನಾವು ಉದ್ದ ಪಟ್ಟಿ ಓದುತ್ತೇವೆ. ಅವರಿಗೆ ಅದೆಲ್ಲ ಬೇಕು, ಸುಳ್ಳಲ್ಲ. ಆದರೆ ಜಾಗ, ಕರೆಂಟು ಕೊಡಲು ಹತ್ತು ದೇಶ ಸಾಲಾಗಿ ನಿಂತಿವೆ. ಇಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂಬ ಸರಳ ವಿಷಯವನ್ನು ಮುಖ ನೋಡಿ ಹೇಳುವವರು ಯಾರಿದ್ದಾರೆ? ಹೆಸರೇ ವಿದೇಶಿ ‘ನೇರ’ ಬಂಡವಾಳ. ಬಂಡವಾಳ ನೇರ ಬರಬೇಕು, ಮಾತು ಮಾತ್ರ ಸುತ್ತಿ ಬಳಸಿ ಹೋಗಬೇಕು. ಇದ್ಯಾವ ನ್ಯಾಯ?

“ಮಲ್ಲಣ್ಣಾರ, ಈಗಿಂದೀಗ ವಿಮಾನ ನಗರಕ್ಕ ಬರ್ರಿ,” ಅಂದೆ.

“ನಮ್ಮತ್ತಿ ಬಸ್ಸ್ರೀ...”

“ಅತ್ತೀನೂ ಕರ್ಕೊಂಡ ಬರ್ರಿ. ಕಲಬುರ್ಗಿಗಿ ಬಸ್ ದಿನಾ ಅವ.”

“ಬಂದು ಏನ್ ಹೇಳ್ಲಿರಿ?”

“ಎಳ್ಳ ಅಮಾಸಿಗಿ ಲೈನ್ ಬಂದ್ ಆಗ್ತದ ಅಂತ ಹೇಳ್ರಿ.”

ಅವರಿಗೆ ಸಿಟ್ಟು ಬಂತು. ಬರಬೇಕಾದದ್ದೇ. “ಅಕ್ಕಾರ, ನಿಮಗೇನ್ರಿ, ಹೇಳಿ ಮನಿಗಿ ಹೋಗ್ತೀರಿ. ಅವ್ರು ಎದ್ದು ಹೋದ್ರ ಮುಂದ ನನ್ನ ಗತಿ ಏನು? ಅಷ್ಟು ಹೆಣ್ಮಕ್ಕಳಿಗಿ ನಾ ಏನ್ ಹೇಳ್ಲಿ? ಮದಲ ಕಟ್ಟಡ ಏಳ್ಲಿ. ಅಮಾಸಿ ಬಂದಾಗ ನೋಡ್ಕೊಂಡ್ರಾತು.”

ಈ ಮಾತಿನಲ್ಲಿ ಭಯ ಇತ್ತು, ಕಪಟ ಇರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಇದನ್ನೇ ಅನ್ನುತ್ತಿದ್ದೆನೇನೋ. ಆದರೂ ನಾನು ಜಗ್ಗಲಿಲ್ಲ. “ಇವತ್ತ ನೀವು ‘ಆಗ್ತದ’ ಅಂದ್ರ ನಾ ಅನುವಾದ ಮಾಡಂಗಿಲ್ರಿ. ಸುಮ್ಮ ಕೂಡ್ತೀನಿ. ಏನ್ ಬೇಕಾದ್ದ ಆಗ್ಲಿ.” ಹೇಳಿ ಫೋನ್ ಇಟ್ಟೆ. ಇವತ್ತು ಇದನ್ನು ಮಾಡಿಯೇ ತೀರುವುದು ಅಂತ ಗಟ್ಟಿ ಮಾಡಿಕೊಂಡೆ. ಗ್ಯಾಸ್ ಆರಿಸಿ ಆಟೊ ಹಿಡಿದೆ.

ಸ್ವಾರಗೇಟಿನಿಂದ ವಿಮಾನ ನಗರದವರೆಗಿನ ಟ್ರಾಫಿಕ್ ಬಗ್ಗೆ ಬರೆದರೆ ಈ ಅಂಕಣ ಅದರಲ್ಲೇ ಮುಗಿಯುತ್ತದೆ. ಅಂತೂ ಬಂದರು. ಮುಂದೆ ಮಲ್ಲಣ್ಣ, ಹಿಂದೆ ಅವರ ಅತ್ತೆ ಗೌರಮ್ಮ, ಕಂಕುಳಲ್ಲಿ ಗಂಟು. ಬಾಗಿಲಲ್ಲಿ ಸೆಕ್ಯುರಿಟಿಯವನು “ಆಜಿ, ಬ್ಯಾಗ್ ಇಕಡೆ ಠೇವಾ” ಅಂತ ಬ್ಯಾಗು ತಪಾಸಿಸುವ ಮಷಿನಿನ ಕಡೆ ತೋರಿಸಿದ. ಗೌರಮ್ಮ ಗಂಟನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡರು. “ರೊಟ್ಟಿ ಅವ, ನೋಡೂದೇನದ ಅದ್ರಾಗ?” ನಾನು ಹೋಗಿ ಬಿಡಿಸಬೇಕಾಯಿತು.

ಇಶಿದಾ ಎದ್ದು ನಿಂತು ಗೌರಮ್ಮನಿಗೂ ಅಷ್ಟೇ ಬಾಗಿ ನಮಸ್ಕರಿಸಿದರು. ತಡವಾದದ್ದಕ್ಕೆ ಒಂದು ಮಾತೂ ಆಡಲಿಲ್ಲ. ‘ಬರ್ತೀನಿ’ಯ ಕಥೆ ಹೇಳಿ ತಪ್ಪು ನನ್ನದೇ ಅಂದೆ. ಅವರ ಹುಡುಗರು ನಕ್ಕರು. ಇಶಿದಾ ನಗದೆ ಮಲ್ಲಣ್ಣನ ಕಡೆ ತಿರುಗಿ ಕೂತರು.

ಮಲ್ಲಣ್ಣ ಗಂಟಲು ಸರಿಮಾಡಿಕೊಂಡರು. ನೀರು ಕುಡಿದರು. “ಅದೇನಂದ್ರ... ನಿನ್ನೆ ನೀವು ಕೇಳಿದ್ರೆಲ್ಲ, ಅದು...” ನನ್ನ ಕಡೆ ನೋಡಿದರು. ನಾನು ಮೇಲೆ ದೀಪ ನೋಡುತ್ತ ಕೂತೆ. ಮಾತು ಪೂರ್ತಿಯಾಗದೆ ನಾನು ಬಾಯಿ ತೆರೆಯುವುದಿಲ್ಲ.

ಗೌರಮ್ಮನಿಗೆ ಬಸ್ ತಪ್ಪಿದ ಸಿಟ್ಟು. “ಏನದ ಅದ್ನ ಹೇಳಿಬಿಡಪಾ ಜಲ್ದಿ. ಪಾಪ, ಅವ್ರಿಗೂ ಊರಿಗಿ ಹೋಗೂದದ,” ಅಂದರು.

ಮಲ್ಲಣ್ಣ ಒಂದೇ ಉಸಿರಿಗೆ ಹೇಳಿದರು. “ಆಗಂಗಿಲ್ರಿ. ಆ ವಾರ ನಮ್ಮ ಮಂದಿ ಒಬ್ರೂ ಇರಂಗಿಲ್ಲ. ಎಳ್ಳ ಅಮಾಸಿಗಿ ಎಲ್ಲಾರೂ ಊರಿಗಿ ಹೋಗ್ತಾರ, ಹೊಲಕ್ಕ ಹೋಗ್ತಾರ. ನಾನೂ ಹೋಗ್ತೀನಿ. ಡಬಲ್ ಪಗಾರ ಕೊಟ್ರೂ ನಿಲ್ಲಂಗಿಲ್ಲ. ನಿನ್ನೆ ನಾ ಅಂಜಿ ಆಗ್ತದ ಅಂದೆ.”

ನಾನು ಒಂದು ಶಬ್ದ ಬಿಡದೆ ದಾಟಿಸಿದೆ. ‘ಅಂಜಿ’ ಎಂಬುದನ್ನೂ.

ಇಶಿದಾ ಕೇಳಿದರು, “ಹೊಲದಲ್ಲಿ ಏನು ಮಾಡುತ್ತಾರೆ?” ಮಲ್ಲಣ್ಣ ಹೇಳಿದರು. ನಾನು ದಾಟಿಸಿದೆ. “ನಾವೂ ಹೊಸ ವರ್ಷಕ್ಕೆ ಊರಿಗೇ ಹೋಗುತ್ತೇವೆ,” ಅಂದರು ಅವರು. “ನಾವು ನಮ್ಮ ಊರಿಗೆ ಹೋಗಲೆಂದು ಇವರನ್ನು ಇಲ್ಲಿ ನಿಲ್ಲಿಸಲು ಹೊರಟಿದ್ದೆವು.”

ಇಲ್ಲಿಗೆ ಎಲ್ಲರೂ ಕಣ್ಣೊರೆಸಿಕೊಂಡು ಕೈ ಕುಲುಕಿದರು ಅಂತ ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಇಶಿದಾ ಹುಡುಗರ ಜೊತೆ ಮೆಲ್ಲಗೆ ಮಾತಾಡಿ, ನೆಟ್ಟಗೆ ಕೂತು, “ಕೆಂತೋ ಶಿಮಾಸ್” ಅಂದರು.

ಅಕ್ಷರಶಃ ಅರ್ಥ, ‘ಪರಿಶೀಲಿಸುತ್ತೇವೆ.’ ಆದರೆ ಜಪಾನಿನಲ್ಲಿ ಎಷ್ಟೋ ಸಲ ಇದು ನಮ್ಮ ‘ನೋಡೋಣ್ರಿ’ಯ ಖಾಸಾ ತಂಗಿ. ಸಂಬಂಧ ನೋಡಲು ಬಂದವರು ಹೆಣ್ಣು ಒಪ್ಪಿಗೆಯಾಗದಿದ್ದರೆ ‘ಮನಿಗಿ ಹೋಗಿ ತಿಳಸ್ತೀವಿ’ ಅನ್ನುತ್ತಾರಲ್ಲ, ಅದೇ. ಮಲ್ಲಣ್ಣ ಆಸೆಯಿಂದ ನನ್ನ ಬಾಯನ್ನೇ ನೋಡುತ್ತಿದ್ದರು. ‘ಪರಿಶೀಲಿಸುತ್ತಾರಂತೆ’ ಅಂದರೆ ಸಾಕಿತ್ತು. ಮನುಷ್ಯ ಖುಷಿಯಿಂದ ಮನೆಗೆ ಹೋಗಿ ತಿಂಗಳುಗಟ್ಟಲೆ ದಾರಿ ಕಾಯುತ್ತಿದ್ದರು, ಆ ಹೆಣ್ಣುಮಕ್ಕಳೂ ಕಾಯುತ್ತಿದ್ದರು. ಬೇರೆ ಕೆಲಸ ಹುಡುಕಿಕೊಳ್ಳಬೇಕಾದ ಹೊತ್ತಿನಲ್ಲಿ ಹುಡುಕುತ್ತಿರಲಿಲ್ಲ.

ನನ್ನ ತಲೆ ಕೆಟ್ಟಿತು. ಒಂದು ಕಡೆಯವರಿಂದ ‘ಇಲ್ಲ’ ಹೊರಡಿಸಲು ಇಷ್ಟು ಒದ್ದಾಡಿದ್ದೇನೆ, ಇನ್ನೊಂದು ಕಡೆಯವರನ್ನು ಹಾಗೇ ಬಿಡಲೆ? ಕಸುಬಿನ ನಿಯಮವನ್ನು ಗಂಟು ಕಟ್ಟಿಟ್ಟೆ. ಜಪಾನಿಯಲ್ಲೇ ಕೇಳಿದೆ. “ಇಶಿದಾ ಅವರೇ, ಕ್ಷಮಿಸಿ. ನಾನು ಇದನ್ನು ‘ಪರಿಶೀಲಿಸುತ್ತೇವೆ’ ಅಂತ ಹೇಳಲೋ, ‘ಆಗುವುದಿಲ್ಲ’ ಅಂತ ಹೇಳಲೋ? ಅವರು ಅಂಜಿಕೆ ಬಿಟ್ಟು ಹೇಳಿದ್ದಾರೆ. ನೀವೂ ಹೇಳಿ.”

ಕಿರಿಯ ಎಂಜಿನಿಯರ ಮುಖ ಕೆಂಪಾಯಿತು. ಜಪಾನಿನಲ್ಲಿ ದುಭಾಷಿಯೊಬ್ಬಳು ಹೀಗೆ ಕೇಳಿದರೆ ಮತ್ತೆ ಕೆಲಸ ಸಿಗುವುದು ಕಷ್ಟ. (ಸಿಕ್ಕರೆ ತಿಳಿಸುತ್ತೇನೆ.) ಇಶಿದಾ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಮಲ್ಲಣ್ಣನ ಕಡೆ ತಿರುಗಿ ಬಿಡಿಬಿಡಿಯಾಗಿ ಹೇಳಿದರು.

“ಹೊಸ ಕಟ್ಟಡ ಈ ವರ್ಷ ಆಗುವುದಿಲ್ಲ. ನನ್ನ ಲೆಕ್ಕವೆಲ್ಲ ನಿಲ್ಲದ ಲೈನಿನ ಮೇಲೆ ಇತ್ತು, ಅದು ತಪ್ಪಾಯಿತು. ಆದರೆ ಈಗಿರುವ ಶೆಡ್ಡಿನಲ್ಲಿ ನಮ್ಮ ಮಷಿನು ಹಾಕಿ ಒಂದು ಲೈನು ಶುರು ಮಾಡೋಣ. ಆ ವಾರಕ್ಕೆ ಬೇಕಾದ ಮಾಲನ್ನು ಮುಂಚೆಯೇ ಮಾಡಿಡೋಣ. ಈ ಹುಡುಗ ಬಂದು ನಿಮ್ಮ ಜೊತೆ ಇರುತ್ತಾನೆ. ನಿಮ್ಮ ಹಬ್ಬ ದಾಟಲಿ. ಮಾಲು ಸಾಲಿತೋ ಇಲ್ಲವೋ ನೋಡಿ, ಕಟ್ಟಡದ ಮಾತು ಆಮೇಲೆ. ಆಗಲೂ ನಾನು ‘ಇಲ್ಲ’ ಅನ್ನಬಹುದು.”

ಮಲ್ಲಣ್ಣನ ಮುಖ ಸಣ್ಣದಾಯಿತು. ಕಟ್ಟಡಕ್ಕಾಗಿ ಶೆಡ್ಡಿನ ಪಕ್ಕದ ನೆಲ ಸಪಾಟು ಮಾಡಿಸಿ ಇಟ್ಟಿದ್ದರು. ಆದರೂ ಸ್ವಲ್ಪ ಹೊತ್ತಿಗೆ ಬೆನ್ನು ನೆಟ್ಟಗೆ ಮಾಡಿ ಕೂತು, “ಆಗ್ತದ್ರಿ,” ಅಂದರು. ಚುಟುಕಾಗಿ. ಇದನ್ನು ನಾನು ತಕ್ಷಣ ಅನುವಾದ ಮಾಡಿದೆ.

ಗೌರಮ್ಮ ರಾತ್ರಿ ಬಸ್ಸಿಗೆ ಊರಿಗೆ ಹೋದರು.

ಶನಿವಾರ ಫ್ಯಾಕ್ಟರಿಯಲ್ಲಿ ಮಲ್ಲಣ್ಣ ಎಲ್ಲರನ್ನೂ ಕೂಡಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ. ದೊಡ್ಡ ಕಟ್ಟಡ ಇಲ್ಲ, ಒಂದು ಲೈನು ಮಾತ್ರ, ನವೆಂಬರಿನಲ್ಲಿ ಬೆವರು ಹರಿಸಬೇಕಾಗುತ್ತದೆ ಅಂತ. ಆಮೇಲೆ ನಾನು ರೇಣುಕಾಗೆ ಫೋನ್ ಮಾಡಿ ಬೇಜಾರಾಯಿತೇನು ಅಂತ ಕೇಳಿದೆ.

“ಬ್ಯಾಸರ ಆತ್ರಿ. ನಮ್ಮ ತಂಗಿಗೂ ಕೆಲಸ ಸಿಗ್ತದ ಅಂದ್ಕೊಂಡಿದ್ದೆ,” ಅಂದಳು. “ಆದ್ರ ಅಕ್ಕಾರ, ಸಾವ್ಕಾರ್ರು ಹೇಳಿದ್ದು ಛಲೋ ಆತು. ಅಮಾಸಿಗಿ ಹೋಗಬ್ಯಾಡ ಅಂದಿದ್ರ ನಾ ಕೆಲಸಾನ ಬಿಡಾಕಿದ್ದೆ. ನಾವು ಎಲ್ಲಾರೂ ಹಂಗ ಮಾತಾಡ್ಕೊಂಡಿದ್ವಿ.”

ನೋಡಿದಿರಾ? ಕಟ್ಟಡ ಎದ್ದಿರುತ್ತಿತ್ತು, ಮಷಿನು ಬಂದಿರುತ್ತಿತ್ತು, ಮೊದಲ ಅಮಾವಾಸ್ಯೆಗೆ ಲೈನು ಖಾಲಿ. ಆಮೇಲೆ ‘ಭಾರತದ ಕಾರ್ಮಿಕರು ನಂಬಿಕಸ್ತರಲ್ಲ’ ಅಂತ ಜಪಾನಿನಲ್ಲಿ ಒಂದು ವರದಿ ಹೋಗುತ್ತಿತ್ತು. ಮಲ್ಲಣ್ಣನ ಪಕ್ಕದವರು, ಅವರ ಪಕ್ಕದವರು, ಎಲ್ಲರೂ ಅದರ ಫಲ ಉಣ್ಣಬೇಕಾಗುತ್ತಿತ್ತು. ತಪ್ಪು ಹಬ್ಬದ್ದಲ್ಲ, ಹುಡುಗಿಯರದ್ದೂ ಅಲ್ಲ, ಕೆಲಸಕ್ಕೆ ಬಾರದ ನಮ್ಮ ನಯದ್ದು.

ಇದನ್ನು ಬರೆಯುತ್ತಿರುವಾಗಲೇ ಬೆಂಗಳೂರಿನಿಂದ ಒಬ್ಬರ ಫೋನ್ ಬಂತು. ಯಾವುದೋ ಹೂಡಿಕೆದಾರರ ಸಭೆಯ ತಯಾರಿ ನೋಡಿಕೊಳ್ಳುವವರು, ಜಪಾನಿ ದುಭಾಷಿ ಬೇಕಂತೆ. ಎಲ್ಲ ಮಾತಾಡಿ ಕೊನೆಗೆ ಹೇಳಿದರು, “ಮೇಡಂ, ಒಂದೇ ರಿಕ್ವೆಸ್ಟ್. ಅವರು ಏನೇ ಕೇಳಿದ್ರೂ ಪಾಸಿಟಿವ್ ಆಗೇ ಹೇಳಿ. ‘ಇಲ್ಲ’ ಅನ್ನೋ ವರ್ಡೇ ಬರಬಾರದು, ಫಾರಿನ್‌ನೋರು ನೋಡಿ.”

ಕೆಲಸ ಒಪ್ಪಿಕೊಂಡಿಲ್ಲ. ಆ ಪುಣ್ಯಾತ್ಮರಿಗೆ ಒಂದು ಪ್ರಶ್ನೆ ಕೇಳಿದ್ದೇನೆ. ನಿಮಗೂ ಅದನ್ನೇ ಕೇಳುತ್ತೇನೆ.

‘ಇಲ್ಲ’ ಅನ್ನಲು ಬಾರದವರ ‘ಹೌದು’ ನಂಬಿ ಯಾರು ತಾನೇ ಕಾರ್ಖಾನೆ ಕಟ್ಟುತ್ತಾರೆ?